ಲಿಂಗ ಹಿಡಿದುಕೊಳ್ಳುವವರು

ಅರಸೀಕೆರೆಯಲ್ಲಿ ನಮ್ಮ ನೆರೆಯಲ್ಲಿದ್ದ ಕೊಬ್ಬರಿ ಮಂಡಿಯವರ ವಿಧವೆಗೆ ನರದ ನೋವು. ಸೀರೆಯ ನೆರಿಗೆ ಸೋಕಿದರೂ ಎಡಗಾಲು ಉರಿಯುತ್ತಿತ್ತು. ಎರಡು ಬೆರಳಲ್ಲಿ ನೆರಿಗೆ ಎತ್ತಿ ಹಿಡಿದು, ನಮ್ಮ ಕಾನ್ವೆಂಟ್ ಡ್ರಾಮಾದ ಕ್ವೀನ್ ಥರ ನಡೆಯುವರು. ನೋವು ಹೇಗಿದೆ ಎಂದರೆ, "ಬಂದೈತೆ, ಕೂತೈತೆ. ನಮ್ಮನೇಗೆ ಇನ್ಯಾರು ಬತ್ತಾರೆ?" ಎಂದು ನಗುವರು.

ಸೊಂಟದ ಚರ್ಮದಡಿ ಪುಟ್ಟ ಮೆಶೀನ್ ಇಟ್ಟರೆ ಅದು ನರಕ್ಕೆ ಕರೆಂಟ್ ಕೊಟ್ಟು ನೋವನ್ನು ಮಂಕಾಗಿಸುತ್ತದೆ ಎಂದಿದ್ದರು ಡಾಕ್ಟರು. ಚಳಿಗಾಲದಲ್ಲಾದರೂ ಕಾಲಿಗೆ ಕಂಬಳಿ ಹೊದೆಯಬೇಕೆಂದು ಇವರಿಗೆ ಆಸೆ. ಆದರೂ ಆಪರೇಶನ್ ಮುಂದೂಡುತ್ತಲೇ ಇದ್ದರು.

"ಭಯವೇನ್ರೀ? ಇಟ್ಸ್ ಎ ಸ್ಮಾಲ್ ಥಿಂಗ್," ಎಂದೆ.

"ಭಯ ಎಂಥದ್ದು ಅಕ್ಕಾ? ಥಿಯೇಟರ್ ಒಳಕ್ಕೆ ಹೋಗುವಾಗ ಕೊರಳಿನ ಲಿಂಗ ತೆಗೀಬೇಕಂತೆ. ದೀಕ್ಷೆ ಆದಾಗಿಂದ ಅದನ್ನ ಮೈಯಿಂದ ಬಿಟ್ಟೋಳಲ್ಲ. ನಮ್ಮ ಯಜಮಾನ್ರು ಇದ್ದಿದ್ರೆ ಹಿಡ್ಕೊಂಡು ಹೊರಗೆ ಕೂತಿರೋರು. ಈಗ ಯಾರವ್ರೆ?"

"ನಾನಿದ್ದೀನಲ್ಲ," ಎಂದು ಕೈ ಚಾಚಿದೆ.

ಅವರು ಮುಜುಗರಪಟ್ಟು ತಲೆ ತಗ್ಗಿಸಿದರು. "ಅದನ್ನ ದೀಕ್ಷೆ ಆದೋರೇ ಮುಟ್ಬೇಕು ಕಣ್ರೀ. ತಪ್ಪು ತಿಳೀಬ್ಯಾಡಿ."

ಚಾಚಿದ ನನ್ನ ಕೈಯನ್ನು ಮಾತ್ರ ತಮ್ಮ ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಕೂತರು. ಆಪರೇಶನ್ನಿನ ಮಾತನ್ನು ಆಮೇಲೆ ಎಂದೂ ಎತ್ತಲಿಲ್ಲ.