ಅತ್ತೆಗುಡ್ಡದ ಬೆನ್ನು

ತುಳಸಿದಾಸ ತಾಂಡೇಲರು ಕಡಲಿನಲ್ಲಿ ಯಾವುದಕ್ಕೂ ಹೆದರಿದವರಲ್ಲ. ಹೆದರಿಕೆಯನ್ನೆಲ್ಲ ಅವರು ನೆಲದ ಮೇಲಿನ ಬಳಕೆಗೆಂದು ಉಳಿಸಿಟ್ಟಿದ್ದರು. ಬಿರುಗಾಳಿಯಲ್ಲೂ ಬೀಡಿ ಕಚ್ಚಿಕೊಂಡು ಮೀನಿನ ಬೋಟಿನ ಚುಕ್ಕಾಣಿ ಹಿಡಿಯುವ ತಾಂಡೇಲ, ಕಾರವಾರದ ಪೇಟೆಯಲ್ಲಿ ರಸ್ತೆ ದಾಟುವಾಗ ಹೆಂಡತಿ ಗೋದಾವರಿಯ ಸೆರಗಿನ ಆಸುಪಾಸಿನಲ್ಲೇ ಇರುತ್ತಿದ್ದರು. ಬಸ್ಸು ಹತ್ತಿದರೆ ಅದು ತಪ್ಪು ಬಸ್ಸೇನೋ ಎಂಬ ಚಿಂತೆ. ಸರಿಯಾದ ಬಸ್ಸೆಂದು ತಿಳಿದ ಮೇಲೆ ಇಳಿಯುವ ಜಾಗ ದಾಟಿತೇನೋ ಎಂಬ ಚಿಂತೆ. ಸರಿಯಾದ ಜಾಗದಲ್ಲೇ ಇಳಿದರೆ, ಎಲ್ಲ ಇಷ್ಟು ಸಲೀಸಾಗಿ ಆಯಿತಲ್ಲ, ಮುಂದೆ ಏನು ಕಾದಿದೆಯೋ ಎಂಬ ಚಿಂತೆ. ಇಂಥ ವೀರಾಗ್ರಣಿಯು ಐವತ್ತು ದಾಟಿದ ಮೇಲೆ, ಕದ್ವಾಡದಿಂದ ಹೊರಟು ಕಾಡುಗುಡ್ಡ ಹಾಯ್ದು ಅಂಕೋಲೆಯ ಬೊಬ್ರುವಾಡ ಸೇರುವ ಓಟಕ್ಕೆ ಇಳಿದರು.

ಎಲ್ಲದಕ್ಕೂ ಮೂಲ ಒಂದು ಮರಳದಿಬ್ಬ. ಹಿಂದಿನ ವರ್ಷ ಬಂಗಡೆ ತುಂಬಿಕೊಂಡು ಮರಳುವಾಗ ಕಾಳಿ ನದಿಯ ಅಳಿವೆಯಲ್ಲಿ, ಹಾಡಹಗಲು, ಅವರ ಬೋಟು ಮರಳು ಹತ್ತಿ ಕೂತಿತು. ನೀರು ಇಳಿಯುತ್ತಿದ್ದ ಹೊತ್ತು. ಮತ್ತೆ ಭರತ ಬರುವವರೆಗೆ ಬೋಟು ಒಂದು ಮಗ್ಗುಲಿಗೆ ವಾಲಿ, ಊಟ ಮುಗಿಸಿದ ಎಮ್ಮೆಯಂತೆ ಮಲಗಿತ್ತು. ಸೇತುವೆಯ ಮೇಲೆ ಹೋಗುವವರೆಲ್ಲ ಗಾಡಿ ನಿಲ್ಲಿಸಿ ಫೋಟೋ ತೆಗೆದರು. ಯಾರಿಗೂ ಪೆಟ್ಟಾಗಲಿಲ್ಲ, ಬೋಟಿನ ಒಂದು ಹಲಗೆ ಸೀಳಿತು ಅಷ್ಟೇ. ಆದರೆ ತಾಂಡೇಲರ ಹೆಸರು ಬುಡಸಮೇತ ಮುಳುಗಿತು.

ಅಣ್ಣನ ಮಗ ರೋಹಿತನಿಗೆ ಬೋಟಿನಲ್ಲಿ ಅರ್ಧ ಪಾಲು. ಅವನು ಕಾಕಾನನ್ನು ದಂಡೆಯಲ್ಲಿ ಬಲೆ ಹೆಣೆಯಲು ಕೂರಿಸಿ, ಬೋಟಿನಲ್ಲಿ ದುಡಿಯುವ ಹಳೆಯ ಖಲಾಸಿ ದತ್ತಾನ ಕೈಗೆ ಚುಕ್ಕಾಣಿ ಕೊಟ್ಟ. ಆವತ್ತಿನಿಂದ ತುಳಸಿದಾಸರಿಗೆ ಒಂದೇ ಯೋಚನೆ: ಕೆಟ್ಟದ್ದು ಕಣ್ಣೋ, ತಲೆಯೋ? ಬಲೆಯ ಮಧ್ಯೆ ಕೂತು ಒಂದು ಕಣ್ಣು ಮುಚ್ಚಿ ಎದುರಿನ ತೆಂಗಿನಮರಗಳನ್ನು ಎಣಿಸುವರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಎಣಿಸುವರು. ಎರಡೂ ಲೆಕ್ಕ ಹೊಂದಿದರೆ ಕೆಟ್ಟದ್ದು ತಲೆಯೇ ಇರಬೇಕೆಂದು ಬೆವರುವರು.

ಮಗಳು ವಿನುತಾ ಅಂಕೋಲೆಯ ಶಾಲೆಯೊಂದರಲ್ಲಿ ಆಟದ ಟೀಚರು. ಅವಳೂ ರೋಹಿತನೂ ಜನವರಿಯ ಈ ಓಟಕ್ಕೆ ಹೆಸರು ಕೊಟ್ಟಿದ್ದರು. ತಂಡಕ್ಕೆ ಮೂವರು ಬೇಕು. ಮೂರನೆಯವನು ಮದುವೆಯ ಮೆರವಣಿಗೆಯಲ್ಲಿ ಕುಣಿದು ಕಾಲು ಉಳುಕಿಸಿಕೊಂಡ.

"ಕಾಕಾನ್ನೇ ಕರ್ಕ," ಎಂದು ರೋಹಿತ ನಕ್ಕ. "ಗುಡ್ಡದ ಮೇಲೆ ಮರಳದಿಬ್ಬ ಇರೂದಿಲ್ಲ."

ತುಳಸಿದಾಸರು ಬಲೆಯಿಂದ ತಲೆ ಎತ್ತಿದರು. "ನಿಮ್ಮನ್ನ ಬೊಬ್ರುವಾಡಕ್ಕೆ ಮುಟ್ಟಿಸಿದ್ರೆ ಚುಕ್ಕಾಣಿ ಕೊಡ್ತ್ಯಾ?"

"ಮುಟ್ಟಿಸು ಕಾಕಾ. ಸೋಮವಾರದಿಂದ ಬೋಟು ನಿಂದೇ. ಇಲ್ದಿರೆ ದತ್ತಾನೇ ತಾಂಡೇಲ. ಮತ್ತೆ ಆ ಸುದ್ದಿ ಎತ್ತೂಕಿಲ್ಲ."

ತಮ್ಮ ಬಾಯಿತಪ್ಪಿ ಬಂದ ಮಾತಿಗೆ ತುಳಸಿದಾಸರು ಮರುಕ್ಷಣವೇ ಚಿಂತಿಸತೊಡಗಿದರು. ಓಟ ಮುಗಿಯುವುದು ಬೇರೆಲ್ಲೂ ಅಲ್ಲ, ಬೊಬ್ರುವಾಡದಲ್ಲಿ. ಬೊಬ್ರುವಾಡ ಗೋದಾವರಿಯ ತವರು. ಸೋತರೆ ಅತ್ತಿಗೆ ನಾದಿನಿಯರ ಎದುರಿಗೇ ಸೋಲಬೇಕು.

ಕದ್ವಾಡದಲ್ಲಿ ಬೆಳಕು ಹರಿಯುವಾಗ ಸೇನೆ ನೆರೆದಿತ್ತು. ಗೋವೆಯಿಂದ, ಹುಬ್ಬಳ್ಳಿಯಿಂದ ಬಂದ ಮಹಾರಥಿಗಳು. ಒಬ್ಬೊಬ್ಬರ ಬೆನ್ನುಚೀಲದಿಂದಲೂ ನೀರು ಹೀರುವ ನಳಿಕೆ ಬಾಯಿಯವರೆಗೆ ಬಂದಿತ್ತು. ನಮ್ಮ ನಾಯಕರ ಬೆನ್ನ ಮೇಲೆ ಗೋದಾವರಿ ಕಟ್ಟಿಕೊಟ್ಟ ಅನ್ನ ಮತ್ತು ಒಣಸಿಗಡಿ ಚಟ್ನಿ. ಅದರ ವಾಸನೆಗೆ ಕದ್ವಾಡದ ಎರಡು ನಾಯಿಗಳು ಯಾರೂ ಕೇಳದೆಯೇ ತಂಡ ಸೇರಿದವು.

ಓಟ ನಡೆಸುವ ಆಶಿಷ ಎಂಬ ಯುವಕ ನಿಯಮ ಹೇಳಿದ. ಫೋನುಗಳನ್ನು ಲಕೋಟೆಯೊಳಗೆ ಹಾಕಿ ಅಂಟಿಸಲಾಗುವುದು. ನಕ್ಷೆ ಮತ್ತು ದಿಕ್ಸೂಚಿ ಮಾತ್ರ ಕೈಯಲ್ಲಿ. ನಕ್ಷೆಯಲ್ಲಿ ಗುರುತಿಸಿದ ಜಾಗಗಳಲ್ಲಿ ಕೇಸರಿ-ಬಿಳಿ ಬಾವುಟಗಳಿವೆ. ಒಂದೊಂದನ್ನೂ ಹುಡುಕಿ ಅಲ್ಲಿನ ಪಂಚಿನಿಂದ ಚೀಟಿಗೆ ತೂತು ಹಾಕಿಕೊಳ್ಳಬೇಕು. ಮೂವರೂ ಒಟ್ಟಿಗೇ ಇರಬೇಕು. ಸೂರ್ಯ ಮುಳುಗುವುದರೊಳಗೆ ಬೊಬ್ರುವಾಡ ಸೇರದಿದ್ದರೆ ಲೆಕ್ಕಕ್ಕಿಲ್ಲ.

"ಹುಲಿ ಇದ್ರೆ?" ಎಂದು ತುಳಸಿದಾಸರು ಕೇಳಿದರು.

"ಅದು ಓಟದಲ್ಲಿ ಇಲ್ಲ ಸರ್," ಎಂದ ಆಶಿಷ.

ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ರೋಹಿತನ ಕೈಯಲ್ಲಿ ನಕ್ಷೆ, ವಿನುತಾಳ ಕೈಯಲ್ಲಿ ದಿಕ್ಸೂಚಿ, ತುಳಸಿದಾಸರ ಕೈಯಲ್ಲಿ ಕೋಲು. ಬಾವುಟಗಳು ಒಂದರ ಹಿಂದೆ ಒಂದು ಸಿಕ್ಕವು. ಅದು ತುಳಸಿದಾಸರ ಆತಂಕವನ್ನು ಇನ್ನಷ್ಟು ಹೆಚ್ಚಿಸಿತು. ಹೊಸ ಬೂಟು ಕಚ್ಚುತ್ತಿತ್ತು. ತರಗೆಲೆ ಸದ್ದಾದರೆ ಹಾವು, ಸದ್ದಾಗದಿದ್ದರೆ ಹುಲಿ. ನಾಯಿಗಳು ಹಿಂದೆ ಉಳಿದಾಗ, ಅವಕ್ಕೆ ಏನೋ ಗೊತ್ತಾಗಿದೆ ಎಂದುಕೊಂಡರು. ಇವೆಲ್ಲಕ್ಕಿಂತ ದೊಡ್ಡ ಸಂಕಟ ಬೇರೆ: ಮುಟ್ಟಿಸುತ್ತೇನೆಂದು ಮೀಸೆ ತಿರುವಿದವರು ಇಲ್ಲಿಯವರೆಗೆ ಸಾಮಾನಿನಂತೆ ಸುಮ್ಮನೆ ಬರುತ್ತಿದ್ದರು. ದಾರಿ ತೋರಿಸುತ್ತಿದ್ದವರು ಮಕ್ಕಳು. ಹೀಗೆ ಬೊಬ್ರುವಾಡ ಸೇರಿದರೆ ಚುಕ್ಕಾಣಿ ಕೇಳುವ ಮುಖ ಎಲ್ಲಿದೆ?

ಆಗ ಕಾಡು ತೆರೆಯಿತು, ಪಡುವಣಕ್ಕೆ ಜೋಡಿ ಗುಡ್ಡ ಕಂಡಿತು.

"ಅತ್ತೆ-ಸೊಸೆ," ಎಂದರು ತುಳಸಿದಾಸರು. ಬೆಳಗಿನಿಂದ ಮೊದಲ ಬಾರಿ ಅವರ ಬೆನ್ನು ನೆಟ್ಟಗಾಯಿತು.

ಕಡಲಿನಿಂದ ನೋಡಿದರೆ ಆ ಎರಡು ಗುಡ್ಡ ಅಕ್ಕಪಕ್ಕ ಕಾಣುತ್ತವೆ. ಬಲಕ್ಕೆ ಎತ್ತರದ ಅತ್ತೆ, ಎಡಕ್ಕೆ ತಲೆ ತಗ್ಗಿಸಿದ ಸೊಸೆ, ಸೊಸೆಯ ನೆತ್ತಿಯ ಹತ್ತಿರ ಮೂಗುತಿಯಂತೆ ಹೊಳೆಯುವ ಬಿಳಿಬಂಡೆ. ಈ ಮನೆತನದ ತಾಂಡೇಲರು ತಲೆಮಾರುಗಳಿಂದ ಅವನ್ನೇ ನೋಡಿ ಮನೆಗೆ ಬಂದವರು. ಅವರ ಬೋಟಿನಲ್ಲಿ ಒಂದು ಕಟ್ಟಳೆಯೂ ಇತ್ತು. ತಾಂಡೇಲ ದಂಡೆಯ ಗುರುತುಗಳನ್ನು ದಿಟ್ಟಿಸಿ ದಿಕ್ಕು ಹಿಡಿಯುವಾಗ ಉಳಿದವರು ತುಟಿ ಬಿಚ್ಚಬಾರದು. ಆ ಹೊತ್ತಿನಲ್ಲಿ ಸೀನಿದ ಖಲಾಸಿಯೊಬ್ಬನನ್ನು ತುಳಸಿದಾಸರ ತಂದೆ ನೀರಿಗೆ ನೂಕಿದ್ದರಂತೆ. ಆ ಮನೆಯ ಮಕ್ಕಳು ಈಜು ಕಲಿಯುವ ಮೊದಲೇ ಈ ಕಟ್ಟಳೆ ಕಲಿಯುತ್ತಿದ್ದರು.

ನಕ್ಷೆಯ ಪ್ರಕಾರ ಮುಂದಿನ ಬಾವುಟ ಎರಡರಲ್ಲಿ ಎತ್ತರದ ಗುಡ್ಡದ ಬುಡದ ಒರತೆಯ ಹತ್ತಿರ.

ತುಳಸಿದಾಸರು ಕೋಲನ್ನು ನೆಲಕ್ಕೆ ಊರಿದರು. ಕಣ್ಣು ಕಿರಿದು ಮಾಡಿದರು. ಮಕ್ಕಳಿಬ್ಬರೂ ಉಸಿರು ಹಿಡಿದರು.

"ಎತ್ತರದ್ದು ಅಂದ್ರೆ ಅತ್ತೆ. ಅತ್ತೆ ಬಲಕ್ಕೆ. ನಡೀರಿ."

ರೋಹಿತ ನಕ್ಷೆ ನೋಡಿದ, ಬಾಯಿ ತೆರೆದ, ಮುಚ್ಚಿದ. ವಿನುತಾ ದಿಕ್ಸೂಚಿ ನೋಡಿದಳು, ಕಟ್ಟಿದ್ದ ಬೂಟಿನ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಮೂವರೂ ಬಲಕ್ಕೆ ನಡೆದರು. ತುಳಸಿದಾಸರು ಮುಂದೆ, ಹಿಂದೆ ಆ ಗಾಢ ಮೌನ. ಎಷ್ಟು ದಿನವಾಗಿತ್ತು ಇಂಥ ಮರ್ಯಾದೆ ಸಿಕ್ಕಿ! ಅವರ ಬೂಟು ಕಚ್ಚುವುದನ್ನೂ ಬಿಟ್ಟಿತು.

ಬುಡದಲ್ಲಿ ಒರತೆ ಇರಲಿಲ್ಲ, ಬಾವುಟವೂ ಇರಲಿಲ್ಲ. ಒಂದು ಸುತ್ತು ಹಾಕಿದರು. ಮುಳ್ಳಿನ ಪೊದೆಗಳು ಇವರ ಅಂಗಿ ಹಿಡಿದು ವಿಚಾರಿಸಿಕೊಂಡವು. ಹೊತ್ತು ಮಧ್ಯಾಹ್ನ ದಾಟಿತು. ದೂರದಲ್ಲಿ ಗೋವೆಯ ತಂಡದ ಕೇಕೆ ಕೇಳಿಸಿತು, ಅದೂ ಎಡಗಡೆಯಿಂದ. ಹಳೆಯ ಮರಳದಿಬ್ಬ ನೆನಪಾಗಿ ತುಳಸಿದಾಸರು ಒಂದು ಕಣ್ಣು ಮುಚ್ಚಿ ಗುಡ್ಡ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು.

"ಮೇಲೆ ಹತ್ತಿ ನೋಡ್ವ," ಎಂದರು. ಅವರ ದನಿ ಸಣ್ಣದಾಗಿತ್ತು.

ನೆತ್ತಿ ಸೇರಿದಾಗ ಎದುರಿಗೆ ಇಡೀ ಕಡಲು. ದೋಣಿಗಳು ಅಕ್ಕಿಕಾಳಿನಂತೆ. ದಣಿದ ತುಳಸಿದಾಸರು ಅಲ್ಲೇ ಇದ್ದ ಬಂಡೆಯ ಮೇಲೆ ಕುಸಿದರು. ಕೂತ ಮೇಲೆ ಬಂಡೆಯನ್ನು ನೋಡಿದರು. ಬಂಡೆ ಬೆಳ್ಳಗಿತ್ತು. ಎಡಕ್ಕೆ ತಿರುಗಿ ನೋಡಿದರು. ಅಲ್ಲಿ ಇನ್ನೊಂದು ಗುಡ್ಡ, ಇದಕ್ಕಿಂತ ಎತ್ತರದ್ದು, ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ಜೀವಮಾನವಿಡೀ ಕಡಲಿನಿಂದ ಮುಖ ಮಾತ್ರ ನೋಡಿದವರು, ಇವತ್ತು ಬೆನ್ನ ಕಡೆಯಿಂದ ಬಂದಿದ್ದರು. ಬಲ ಎಡವಾಗಿತ್ತು. ಹತ್ತಿರದ ಸೊಸೆ ದೊಡ್ಡವಳಾಗಿ ಕಂಡಿದ್ದಳು. ಮಹಾ ತಾಂಡೇಲರು ಕೂತದ್ದು ಸೊಸೆಯ ಮೂಗುತಿಯ ಮೇಲೆ.

"ತಪ್ಪಿದೆ," ಎಂದರು.

"ಹೌದು," ಎಂದರು ಇಬ್ಬರೂ. ಸ್ವಲ್ಪ ಬೇಗನೇ ಎಂದರು.

ತುಳಸಿದಾಸರು ನಿಧಾನವಾಗಿ ತಿರುಗಿದರು. "ನಿಮ್ಗೆ ಗೊತ್ತಿತ್ತಾ?"

ವಿನುತಾ ನೆಲ ನೋಡಿದಳು. "ಬಲಕ್ಕೆ ತಿರುಗ್ದಾಗ್ಲೇ."

"ಮತ್ತೆ ಬಾಯಲ್ಲಿ ಎಂತ ಇಟ್ಕಂಡಿದ್ರಿ?"

"ನೀನು ದಿಕ್ಕು ಹಿಡೀತಿದ್ಯಲ್ಲ ಅಪ್ಪಾ. ಹೆಂಗೆ ಮಾತಾಡೂದು?"

"ಇದು ಗುಡ್ಡ ಮಾರಾಯ್ತಿ, ಬೋಟಲ್ಲ."

"ಮುಖ ಅದೇ ಇತ್ತು," ಎಂದ ರೋಹಿತ. "ಬೋಟಲ್ಲಿ ಇರೂ ಮುಖ."

ಗಾಳಿ ಬೀಸಿತು. ಸಿಗಡಿ ಚಟ್ನಿಯ ವಾಸನೆ ಮೂವರ ಮಧ್ಯೆ ಸುಳಿಯಿತು. ತುಳಸಿದಾಸರಿಗೆ ಒಂದು ಪ್ರಶ್ನೆ ಬಂತು. ಕೇಳಲು ಭಯವಾಯಿತು, ಕೇಳದಿರಲು ಇನ್ನೂ ಭಯವಾಯಿತು.

"ತಮಾ. ಆವತ್ತು ಅಳಿವೆಯಲ್ಲಿ?"

ರೋಹಿತ ಒಂದು ಹುಲ್ಲು ಕಿತ್ತ. ಇನ್ನೊಂದು ಕಿತ್ತ. "ಆಳ ತೋರ್ಸೂ ಯಂತ್ರದಲ್ಲಿ ಕಾಣ್ತಿತ್ತು ಕಾಕಾ. ನೀರು ಕಮ್ಮಿ ಆಗ್ತಾ ಬಂತು. ನಾ ದತ್ತಾನ್ನ ನೋಡ್ದೆ, ದತ್ತಾ ನನ್ನ ನೋಡ್ದ."

"ದತ್ತಾನಿಗೂ ಗೊತ್ತಿತ್ತಾ?"

"ಒಳಗೆ ಸಾರು ಕುದಿಸ್ತಿದ್ದ ತಿಮ್ಮುಗೂ ಗೊತ್ತಿತ್ತು. ಅಂವ ಮೊದ್ಲೇ ಪಾತ್ರೆ ಗಟ್ಟಿ ಹಿಡ್ಕಂಡು ಕೂತಿದ್ದ."

"ಮತ್ತೆ ನನ್ನ ದಂಡೆಗೆ ಕೂರ್ಸಿದ್ದು?"

"ಹೇಳೂಕೆ ನಾಚಿಕೆ ಆಯ್ತು. ಗೊತ್ತಿದ್ದೂ ಸುಮ್ನೆ ಇದ್ದೆ ಅಂತ ಯಾರ ಹತ್ರ ಹೇಳೂದು? ನಿನ್ನ ಕಣ್ಣೇ ಕೆಟ್ಟಿದೆ ಅಂದ್ಕಂಡ್ರೆ ನಂಗೆ ಸಲೀಸಾಗ್ತಿತ್ತು."

ಒಂದು ವರ್ಷ ಒಂದೊಂದೇ ಕಣ್ಣು ಮುಚ್ಚಿ ತೆಂಗಿನಮರ ಎಣಿಸಿದ ಮನುಷ್ಯ ಎದ್ದು ನಿಂತರು. ಮೊದಲು ರೋಹಿತನಿಗೆ ಬೈದರು. ಆಮೇಲೆ ದತ್ತಾನಿಗೆ, ತಿಮ್ಮುವಿಗೆ, ಆ ಸಾರಿಗೆ ಬೈದರು. ಕೊನೆಗೆ ಕಡಲಿಗೆ ಮುಖ ಮಾಡಿ, ಸೀನಿದವನನ್ನು ನೀರಿಗೆ ನೂಕಿದ ತಮ್ಮ ಸ್ವರ್ಗಸ್ಥ ತಂದೆಯವರಿಗೂ ಬೈದರು. ಬೈದು ಮುಗಿಯುವಷ್ಟರಲ್ಲಿ ಕಣ್ಣು ಒದ್ದೆಯಾಗಿತ್ತು. ಎರಡೂ ಕಣ್ಣು.

"ಇನ್ನು ಬೊಬ್ರುವಾಡದ ತನಕ ಯಾರೂ ಬಾಯಿ ಮುಚ್ಚೂಕಿಲ್ಲ," ಎಂದರು. "ನಾನು ಹೆಜ್ಜೆ ಇಟ್ರೂ ಹೇಳಿ, ಇಡದಿದ್ರೂ ಹೇಳಿ. ಈಗ ಎತ್ಲಾಗೆ?"

"ಎಡಕ್ಕೆ," ಎಂದರು ಇಬ್ಬರೂ.

ಆಮೇಲಿನದು ಓಟವಲ್ಲ, ಉರುಳಾಟ. ಅತ್ತೆಯ ಬುಡದಲ್ಲಿ ಒರತೆ ಸಿಕ್ಕಿತು, ಬಾವುಟ ಸಿಕ್ಕಿತು, ಚೀಟಿಗೆ ತೂತು ಬಿತ್ತು. ಅಲ್ಲಿಂದ ಮೂವರೂ ಜಗಳವಾಡುತ್ತ ಇಳಿದರು. ರೋಹಿತ ಹಳ್ಳ ಹಿಡಿದು ಹೋಗೋಣವೆಂದ. ವಿನುತಾ ಹಳ್ಳ ಸುತ್ತು ಎಂದಳು. ತುಳಸಿದಾಸರು ಇಬ್ಬರ ಮಾತನ್ನೂ ಕೇಳಿ ಮೂರನೆಯದೊಂದು ಹೇಳಿದರು. "ಅದು ಶುದ್ಧ ತಪ್ಪು" ಎಂದು ಮಗಳು ಮುಖಕ್ಕೆ ಹೇಳಿದಾಗ ಅವರಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಎದೆ ಹಗುರವೂ ಆಯಿತು. ಉಳಿದ ಬಾವುಟಗಳು ಹೀಗೆಯೇ ಸಿಕ್ಕವು.

ಬಾಳೆಗುಳಿಯಲ್ಲಿ ಕೊನೆಯ ಕಂಟಕ: ಹೆದ್ದಾರಿ. ಸೂರ್ಯ ಆಗಲೇ ಕೆಂಪು. ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದವು. ತುಳಸಿದಾಸರು ಅಂಚಿನಲ್ಲಿ ಕಲ್ಲಾದರು. ಹಿಡಿಯಲು ಗೋದಾವರಿಯ ಸೆರಗೂ ಇರಲಿಲ್ಲ.

"ಅಪ್ಪಾ, ಈಗ," ಎಂದಳು ವಿನುತಾ.

"ಈಗ್ಲಾ?"

"ಬೇಡ. ಆ ಟ್ಯಾಂಕರ್ ಹೋಗ್ಲಿ. ಹಾಂ, ಈಗ. ಕಾಕಾ, ಓಡು," ಎಂದ ರೋಹಿತ.

ತುಳಸಿದಾಸರು ಕಣ್ಣು ಮುಚ್ಚಿ, ಅವರ ಮಾತನ್ನೇ ಹಿಡಿದುಕೊಂಡು ಓಡಿದರು. ಆಚೆ ದಂಡೆಯಲ್ಲಿ ಬೂಟು ಕಿತ್ತು ಹೆಗಲಿಗೆ ಹಾಕಿಕೊಂಡರು. ಬರಿಗಾಲಿನಲ್ಲಿ ಅವರನ್ನು ಹಿಡಿಯುವುದು ಮಕ್ಕಳಿಗೇ ಕಷ್ಟವಾಯಿತು.

ಆದರೆ ಬೊಬ್ರುವಾಡದ ತೆಂಗಿನ ಸಾಲು ಕಾಣುವಾಗ ಅದರ ಹಿಂದೆ ಸೂರ್ಯ ಇರಲಿಲ್ಲ. ಕೆಂಪು ಮಾತ್ರ ಇತ್ತು. ಗೋದಾವರಿಯೂ ಅವಳ ತವರಿನವರೆಲ್ಲರೂ ಸಾಲಾಗಿ ನಿಂತಿದ್ದರು. ಆಶಿಷ ಚೀಟಿ ತೆಗೆದುಕೊಂಡು, ತೂತುಗಳೆಲ್ಲ ಸರಿಯಿವೆ, ಹೊತ್ತು ಮೀರಿತು, ಲೆಕ್ಕಕ್ಕೆ ಬರುವುದಿಲ್ಲ ಎಂದು ಬೇಸರದಿಂದಲೇ ಹೇಳಿದ.

ತುಳಸಿದಾಸರು ಮರಳಿನ ಮೇಲೆ ಕೂತರು. "ಆಯ್ತು. ದತ್ತಾನೇ ಇರ್ಲಿ," ಎಂದರು. ಬಲೆ, ತೆಂಗಿನಮರ, ಉಳಿದ ಆಯುಷ್ಯ ಎಲ್ಲ ಕಣ್ಣ ಮುಂದೆ ಬಂತು.

"ನಾ ಎಂತ ಹೇಳಿದ್ದೆ ಕಾಕಾ?" ರೋಹಿತ ಎದುರು ಕುಕ್ಕರಗಾಲಲ್ಲಿ ಕೂತ. "ಬೊಬ್ರುವಾಡಕ್ಕೆ ಮುಟ್ಟಿಸು ಅಂದಿದ್ದೆ. ಇದು ಬೊಬ್ರುವಾಡ ಅಲ್ವಾ? ಸೂರ್ಯನ ಮಾತು ಇವರದ್ದು, ನಂದಲ್ಲ."

ನಂತರ ಎದ್ದು, ಅತ್ತಿಗೆ ನಾದಿನಿಯರೆಲ್ಲ ಕೇಳುವಂತೆ, ಅಳಿವೆಯಲ್ಲಿ ಬೋಟು ಮರಳು ಹತ್ತಿದ್ದು ಹೇಗೆಂದು ಹೇಳಿದ. ಕಿವಿ ಕೆಂಪಾಗುವವರೆಗೆ ಹೇಳಿದ, ತಿಮ್ಮುವಿನ ಸಾರಿನ ಪಾತ್ರೆಯನ್ನೂ ಬಿಡಲಿಲ್ಲ.

ಗೋದಾವರಿ ಗಂಡನ ಕಾಲಿನ ಮುಳ್ಳು ತೆಗೆಯುತ್ತ ಕೇಳಿಸಿಕೊಂಡಳು. "ನಾನು ಮೂವತ್ತು ವರ್ಷದಿಂದ ಹೇಳ್ತಾ ಇದ್ದೆ, ತಪ್ಪು ತಪ್ಪು ಅಂತ," ಎಂದಳು. "ಮನೆ ಅನ್ನೂ ಬೋಟು ಅದ್ಕೇ ಮುಳುಗ್ಲಿಲ್ಲ."

ಸೋಮವಾರ ತುಳಸಿದಾಸರು ಚುಕ್ಕಾಣಿ ಹಿಡಿದರು. ದತ್ತಾ ನಗುತ್ತಲೇ ಜಾಗ ಬಿಟ್ಟ. ಆ ಮೌನದ ಪೀಠ ಅವನಿಗೂ ಸಾಕಾಗಿತ್ತಂತೆ. ಅಳಿವೆ ಹತ್ತಿರವಾದಾಗ ಅಭ್ಯಾಸಬಲದಿಂದ ಎಲ್ಲರೂ ಉಸಿರು ಹಿಡಿದರು.

"ಏನಾದ್ರೂ ಮಾತಾಡ್ರೋ," ಎಂದರು ತಾಂಡೇಲರು. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

ಮೊದಲು ರೋಹಿತ ನೀರಿನ ಆಳ ಹೇಳಿದ. ದತ್ತಾ ಸ್ವಲ್ಪ ಎಡಕ್ಕೆಂದ. ಇನ್ನೊಬ್ಬ ಅಷ್ಟು ಬೇಡವೆಂದ. ತಿಮ್ಮು ಸೌಟಿನೊಂದಿಗೆ ಹೊರಬಂದು, ಎಡಬಲದ ವಿಷಯ ಆಮೇಲೆ, ಬೀಡಿಯ ಬೂದಿ ಸಾರಿಗೆ ಬೀಳುತ್ತಿದೆ, ವರ್ಷಗಳಿಂದ ಹೇಳಬೇಕೆಂದಿದ್ದೆ ಎಂದ. ಒಬ್ಬ ಸೀನಿದ, ಯಾರೂ ಅವನನ್ನು ನೂಕಲಿಲ್ಲ. ಈ ಗದ್ದಲದ ನಡುವೆ ಬೋಟು ಮರಳದಿಬ್ಬದ ಪಕ್ಕದಲ್ಲಿ ಸದ್ದಿಲ್ಲದೆ ಜಾರಿ ಕಡಲಿಗೆ ಬಿತ್ತು.

ದಿಬ್ಬ ದಾಟಿದ ಮೇಲೂ ಮಾತು ನಿಲ್ಲಲಿಲ್ಲ. ತಿಮ್ಮು ಈಗ ತಾಂಡೇಲರ ಮೀಸೆಯ ವಿಷಯಕ್ಕೆ ಬಂದಿದ್ದ. ತುಳಸಿದಾಸರು ಬೀಡಿ ಆರಿಸಿ, ಹಿಂದೆ ಸರಿಯುತ್ತಿದ್ದ ದಂಡೆಯನ್ನು ನೋಡಿದರು. ಇವರು ಎಂದಾದರೂ ಸುಮ್ಮನಾಗುತ್ತಾರೋ ಇಲ್ಲವೋ ಎಂದು ಅವರಿಗೆ ಚಿಂತೆ ಹತ್ತಿತು.