ಪೇಪರ್ ಅಕ್ಕ ನೋಡಿದ ಇಂಗ್ಲಿಷ್ ಸಿನಿಮಾ

ಮೊನ್ನೆ ಅಟ್ಟದ ಟ್ರಂಕು ಇಳಿಸಿ ಹಳೆಯ ಸೀರೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ತಳಕ್ಕೆ ಹಾಸಿದ್ದ ಪೇಪರಿನ ಮಡಿಕೆಯಿಂದ ಒಂದು ಕಾರ್ಬನ್ ಹಾಳೆ ಜಾರಿ ಬಿತ್ತು. ಮೂಗಿನ ಹತ್ತಿರ ಹಿಡಿದೆ. ಮೇಣ, ಸೀಮೆಎಣ್ಣೆ, ಇನ್ನೂ ಏನೋ ಬೆರೆತ ಆ ವಾಸನೆ... ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಸಾಲಿನ ಮೇಲೆ ಸಾಲು, ಅಕ್ಷರದ ಮೇಲೆ ಅಕ್ಷರ. ಏನೂ ಓದಲಾಗಲಿಲ್ಲ. ಆದರೂ ಆ ದುಂಡನೆಯ ಅಕ್ಷರ ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ಪೇಪರ್ ಅಕ್ಕನದು.

ನಾನು ಮದುವೆಯಾಗಿ ಮೂಡಿಗೆರೆಗೆ ಬಂದಾಗ ಅವರದು ಕಾಂಪೌಂಡಿನ ಆಚೆ ಮನೆ. ಅವರ ಯಜಮಾನರು ಜಿಲ್ಲೆಯ ಒಂದು ಪತ್ರಿಕೆಗೆ ತಾಲ್ಲೂಕು ವರದಿಗಾರರು, ಪೇಪರ್ ಏಜೆಂಟರೂ ಅವರೇ. ನಾನು ಬರುವ ಹೊತ್ತಿಗಾಗಲೇ ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ತೊದಲು. ಆದರೆ ಪತ್ರಿಕೆಯಲ್ಲಿ ಮೂಡಿಗೆರೆಯ ಸುದ್ದಿ ಮಾತ್ರ ಅವರ ಹೆಸರಲ್ಲೇ ಬರುತ್ತಿತ್ತು. ಬರೆಯುತ್ತಿದ್ದವರು ಅಕ್ಕ. ಮಧ್ಯಾಹ್ನ ಊಟದ ತಟ್ಟೆ ಎತ್ತಿ, ನೆಲ ಒರೆಸಿ, ಅದೇ ನೆಲದ ಮೇಲೆ ಮಣೆ ಇಟ್ಟುಕೊಂಡು ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಒತ್ತಿ ಒತ್ತಿ ಬರೆಯುವರು. ಮೂರು ಗಂಟೆಯ ಬಸ್ಸಿನ ಕಂಡಕ್ಟರ್ ಕೈಗೆ ಕವರು ಕೊಟ್ಟರೆ ಚಿಕ್ಕಮಗಳೂರು ಸ್ಟ್ಯಾಂಡಿನಲ್ಲಿ ಆಫೀಸಿನವರು ಯಾರೋ ಬಂದು ತೆಗೆದುಕೊಳ್ಳುವರು. ಬರೆದವರು ಯಾರೆಂದು ಕಂಡಕ್ಟರಿಗೂ ತಿಳಿದಿರಲಿಲ್ಲ, ಆಫೀಸಿಗೂ ತಿಳಿದಿರಲಿಲ್ಲ. ನಮ್ಮ ಬೀದಿಗಷ್ಟೇ ಗೊತ್ತು. ಬೀದಿ ಬಾಯಿ ಬಿಟ್ಟಿರಲಿಲ್ಲ.

ನನ್ನ ಮದುವೆಗೆ ನಮ್ಮ ಶಾಲೆಯ ಸಿಸ್ಟರ್ ಒಬ್ಬರು ಒಂದು ಸಿ.ಡಿ. ಉಡುಗೊರೆ ಕೊಟ್ಟಿದ್ದರು, ಸಂಸಾರದಲ್ಲಿ ಮುಳುಗಿ ಇಂಗ್ಲಿಷ್ ಮರೆತುಬಿಟ್ಟೀಯಾ ಅಂತ. ಕಪ್ಪು ಬಿಳುಪಿನ ಹಳೆಯ ಹಾಲಿವುಡ್ ಹಾಸ್ಯಚಿತ್ರ, ಪತ್ರಿಕೆಯವರ ಕಥೆ. ಎರಡು ವರ್ಷ ಅದು ಶೋಕೇಸಿನಲ್ಲಿ ಗೊಂಬೆಯ ಹಿಂದೆ ಇತ್ತು. ಮನೆಗೆ ಪ್ಲೇಯರ್ ಬಂದ ವಾರ ಒಂದು ಮಧ್ಯಾಹ್ನ ಹಾಕಿದೆ. ಪೇಪರಿನವರ ಸಿನಿಮಾ ಎಂದು ಕೇಳಿ ಅಕ್ಕನೂ ಕೈ ಒರೆಸಿಕೊಳ್ಳುತ್ತ ಬಂದು ಕೂತರು.

“ಏನಂತಾರೆ ಅಂತ ಹೇಳ್ತಾ ಹೋಗು ಮಾರಾಯ್ತಿ. ನಂಗೆ ಇಂಗ್ಲಿಷ್ ಎಲ್ಲಿ ಬರತ್ತೆ?”

ನಾನು ಶಾಲೆಯಲ್ಲಿ ಇಂಗ್ಲಿಷ್ ಭಾಷಣಕ್ಕೆ ಬಹುಮಾನ ತಗೊಂಡವಳು. ಬಹಳ ಧೈರ್ಯದಿಂದಲೇ ಶುರು ಮಾಡಿದೆ. ಆದರೆ ಆ ಜನ ಮಾತಾಡುತ್ತಿದ್ದುದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ! ಟೋಪಿ ತೆಗೆಯದ ಗಂಡಸರು, ಕೋಣೆ ತುಂಬ ಸಿಗರೇಟಿನ ಹೊಗೆ, ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬನದು. ಅವರ ನಡುವೆ ವರದಿ ಮಾಡುವ ಹೆಂಗಸು ಒಬ್ಬಳೇ. ಐದು ನಿಮಿಷಕ್ಕೆ ನನ್ನ ಬಾಯಿ ಕಟ್ಟಿಹೋಯಿತು. ಅಷ್ಟರಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ನೋಡು, ಅವ್ನು ಫೋನ್ ಕೆಳಗಿಡಲ್ಲ. ಇಟ್ರೆ ಪಕ್ಕದವ್ನು ಎತ್ಕೊಳ್ತಾನೆ!” ಪಕ್ಕದವನು ಎತ್ತಿಕೊಂಡೇಬಿಟ್ಟ. “ಈಗ ಎಡಿಟರ್ ಮೊದಲ್ನೇ ಸಾಲೇ ಹೊಡೆದು ಹಾಕ್ತಾನೆ ನೋಡ್ತಿರು.” ಎಡಿಟರ್ ಹಾಗೇ ಮಾಡಿದ.

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಕೇಳಿದರು: “ಹತ್ತು ವರ್ಷ ಕಾನ್ವೆಂಟಿಗೆ ಕಳಿಸಿದ್ದು ಯಾರನ್ನ, ನಿನ್ನನ್ನೋ ಅವ್ಳನ್ನೋ?”

ಆಮೇಲೆ ಆಮೇಲೆ ಅಕ್ಕನ ನಗು ಕಡಿಮೆಯಾಯಿತು. ಪರದೆಯ ಮೇಲೆ ಆ ಹೆಂಗಸು ಎಡಿಟರನ ಎದುರು ಆರಾಮಾಗಿ ಕೂತು ಏನೋ ವಾದಿಸುತ್ತಿದ್ದಳು.

“ಆಫೀಸಿನವ್ರಿಗೆಲ್ಲ ಗೊತ್ತಾ, ಬರೆಯೋದು ಅವ್ಳೇ ಅಂತ?”

“ಗೊತ್ತು ಅಕ್ಕ. ಎಲ್ಲರ ಎದುರಿಗೇ ಬರೀತಾಳಲ್ಲ.”

“ಹ್ಞೂಂ...” ಅಂದರು.

ಆ ಬೇಸಿಗೆಯಲ್ಲೇ ಸಂಕದ ಸುದ್ದಿ ಬಂದದ್ದು. ಬಾಳೂರಿನ ಕಡೆ ಎಸ್ಟೇಟಿನ ಕೆಲಸದವರ ಮಕ್ಕಳು ಒಂದು ಹಳ್ಳ ದಾಟಿ ಶಾಲೆಗೆ ಹೋಗಬೇಕು. ಹಳ್ಳಕ್ಕೆ ಅಡ್ಡಲಾಗಿ ಹಲಗೆಯ ಕಾಲುಸಂಕ. ಅದರ ಹಲಗೆಗಳು ಬಿದ್ದುಹೋಗಿವೆ, ಮಳೆ ಹಿಡಿದರೆ ಮಕ್ಕಳ ಗತಿ ಏನು ಎಂದು ಅಲ್ಲಿನ ಹೆಂಗಸೊಬ್ಬಳು ಸಂತೆ ದಿನ ಅಕ್ಕನ ಹತ್ತಿರ ಹೇಳಿದಳು. ಅಕ್ಕ ಮಾರನೇ ದಿನವೇ ಎಸ್ಟೇಟಿನ ಜೀಪು ಹತ್ತಿ ಹೋದರು. ಕೊಡೆಯ ತುದಿಯಿಂದ ತಟ್ಟಿ ತಟ್ಟಿ ನೋಡಿ, ತಾವೇ ಈಚೆಯಿಂದ ಆಚೆಗೆ ದಾಟಿ ಬಂದರು. ಹದಿಮೂರು ಹಲಗೆಯಲ್ಲಿ ಐದು ಇಲ್ಲ, ಎರಡು ಮೆತ್ತಗಾಗಿವೆ ಎಂದು ಬರೆದರು. ಆದರೆ ಸರ್ಕಾರಿ ಕಾಗದದ ಪ್ರಕಾರ ಆ ಸಂಕ ಅದೇ ವರ್ಷ ರಿಪೇರಿಯಾಗಿತ್ತು!

ಸುದ್ದಿ ಅಚ್ಚಾದ ದಿನವೇ ರಿಪೇರಿಯ ಗುತ್ತಿಗೆ ಹಿಡಿದಿದ್ದ ಕಂಟ್ರಾಕ್ಟರು ಅಕ್ಕನ ಜಗಲಿಗೆ ಬಂದು ಕೂತರು. ದಪ್ಪ ಆಳು, ಊರಲ್ಲಿ ಮಾತು ನಡೆಯುವಂಥವರು. ಅಕ್ಕ ಎಂದಿನಂತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹೊರಗಿನವರ ಮುಂದೆ ಅವರು ತಮ್ಮ ಮನೆಯಲ್ಲೂ ಕೂರುತ್ತಿರಲಿಲ್ಲ.

“ಅಲ್ಲಮ್ಮ, ನಿಮ್ಮ ಯಜಮಾನ್ರು ಮಂಚ ಬಿಟ್ಟು ಇಳಿಯಲ್ಲ. ಬಾಳೂರಿಗೆ ಹೋಗಿ ಹಲಗೆ ಎಣಿಸಿದ್ದು ಯಾರು, ದೆವ್ವಾನಾ?” ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಎದ್ದುಹೋದರು.

ಎರಡು ದಿನಕ್ಕೆ ನಮ್ಮ ಮನೆಯ ಫೋನಿಗೆ ಪತ್ರಿಕೆಯ ಆಫೀಸಿನಿಂದ ಕರೆ ಬಂತು. ಕಂಟ್ರಾಕ್ಟರು ದೂರು ಕೊಟ್ಟಿದ್ದಾರೆ, ಹಾಸಿಗೆ ಹಿಡಿದ ಮನುಷ್ಯ ಕಾಣದೆ ಬರೆದ ಸುದ್ದಿ ಅಂತ. ವರದಿಗಾರರು ಗುರುವಾರದೊಳಗೆ ಖುದ್ದಾಗಿ ಬಂದು ಉತ್ತರ ಕೊಡಬೇಕು. ಇಲ್ಲದಿದ್ದರೆ ಸುದ್ದಿ ತಪ್ಪೆಂದು ವಿಷಾದ ಹಾಕುತ್ತಾರೆ. ಸುಮ್ಮನಿದ್ದರೆ ವಿಷಾದ ಅಚ್ಚಾಗುತ್ತದೆ, ಸಂಕ ಹಾಗೇ ಉಳಿಯುತ್ತದೆ. ನಿಜ ಹೇಳಿದರೆ ಯಜಮಾನರ ಪ್ರೆಸ್ ಕಾರ್ಡೂ ಹೋಗಬಹುದು, ಏಜೆನ್ಸಿಯೂ ಹೋಗಬಹುದು. ಆ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಅಕ್ಕ ಗಂಡನ ಮಂಚದ ಪಕ್ಕ ಕೂತು ಎಲ್ಲ ಹೇಳಿದರು. ನಾನು ಬಾಗಿಲಲ್ಲಿದ್ದೆ. ಯಜಮಾನರು ದಿಂಬಿನ ಕೆಳಗೆ ಎಡಗೈ ಹಾಕಿ ತಮ್ಮ ಕಾರ್ಡು ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟರು. “ಹೋ...ಗು,” ಅಂದರು.

ಗುರುವಾರ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಕಾಫಿ ಹೂವು ಉದುರಿ ಮಿಡಿ ಕಟ್ಟಿದ ತೋಟಗಳು. ಅಕ್ಕ ಒಂದನ್ನೂ ನೋಡಲಿಲ್ಲ. ವಸ್ತಾರೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕೇಳಿದರು: “ಆ ಸಿನಿಮಾದ ಹೆಂಗಸು ಒಂದ್ಸಲನಾದ್ರೂ ನಿಂತ್ಕೊಂಡು ಮಾತಾಡಿದ್ಲಾ, ಎಡಿಟರ್ ಮುಂದೆ?”



ಆಫೀಸಿನಲ್ಲಿ ಸಂಪಾದಕರು ಕನ್ನಡಕದ ಮೇಲಿಂದ ನೋಡಿ, “ಯಜಮಾನ್ರು ಬರ್ಲಿಲ್ವಾ ಅಮ್ಮ?” ಎಂದರು. ಅಕ್ಕ ಗೋಡೆ ಪಕ್ಕದ ಕುರ್ಚಿಯನ್ನು ಎಳೆದರು. ಗಾರೆ ನೆಲದ ಮೇಲೆ ಅದು ಕರ್ರ್ ಎಂದು ಸದ್ದು ಮಾಡಿತು. ಎಳೆದು, ಸೆರಗು ಸರಿಮಾಡಿಕೊಂಡು, ಅವರ ಎದುರಿಗೆ ಕೂತರು.

“ಸಂಕ ನೋಡಿದ್ದು ನಾನು ಸಾರ್. ಬರೆದಿದ್ದೂ ನಾನೇ. ಮೂರು ವರ್ಷದಿಂದ ಮೂಡಿಗೆರೆ ಸುದ್ದಿಯೆಲ್ಲ ನಾನೇ ಬರೀತಿದೀನಿ. ಅವ್ರ ಕೈ ಬಿದ್ದುಹೋಗಿದೆ.”

ಸುತ್ತಲಿನ ಮೇಜಿನವರು ಟೈಪು ಮಾಡುವುದು ಬಿಟ್ಟು ಈ ಕಡೆ ತಿರುಗಿದರು. ಸಂಪಾದಕರು ಹಳೆಯ ಹಾಳೆಗಳ ಕಟ್ಟು ತರಿಸಿ ಒಂದೊಂದಾಗಿ ತಿರುವಿದರು.

“ನಾವಿಲ್ಲಿ ಏನಂದ್ಕೊಂಡಿದ್ವಿ ಗೊತ್ತಾ? ಮೂಡಿಗೆರೆಯವ್ರ ಅಕ್ಷರ ಈಚೆಗೆ ಬಹಳ ಸುಧಾರಿಸಿದೆ ಅಂತ!”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಕ್ಕ ನಗಲಿಲ್ಲ. ಕಾರ್ಡು ಮೇಜಿನ ಮೇಲಿಟ್ಟರು.

“ಅವ್ರ ಹೆಸರಲ್ಲಿ ಬರೆದಿದ್ದು ತಪ್ಪು. ಅದಕ್ಕೆ ಇದನ್ನ ತಗೊಳ್ಳಿ. ಸಂಕದ ಸುದ್ದೀಲಿ ಮಾತ್ರ ಒಂದಕ್ಷರ ತಪ್ಪಿಲ್ಲ. ಬೇಕಾದ್ರೆ ಈಗ್ಲೇ ಬನ್ನಿ. ಮೊದ್ಲು ನಾನು ದಾಟ್ತೀನಿ, ಆಮೇಲೆ ಆ ಕಂಟ್ರಾಕ್ಟರು ದಾಟ್ಲಿ. ಅವ್ರು ನನ್ನ ಎರಡರಷ್ಟಿದಾರೆ.”

ಈ ಸಲ ಸಂಪಾದಕರೇ ನಕ್ಕರು. ಆದರೆ ಕಾರ್ಡು ತೆಗೆದು ಡ್ರಾಯರಿಗೆ ಹಾಕಿಕೊಂಡರು.

ವಿಷಾದ ಬರಲಿಲ್ಲ. ಮೂರನೇ ದಿನ ಸಂಕದ ಫೋಟೋ ಬಂತು. ಹಲ್ಲು ಬಿದ್ದ ಬಾಯಿಯ ಹಾಗೆ ಐದು ಸಂದು. ಶಾಲೆ ಬಾಗಿಲು ತೆರೆಯುವ ಮೊದಲೇ ಹೊಸ ಹಲಗೆಗಳು ಕೂತವು. ಮುಂದೆ ಅಲ್ಲಿ ಸಿಮೆಂಟಿನ ಸೇತುವೆಯೇ ಆಯಿತು. ಅಕ್ಕ ಮಾತ್ರ ಮೂರು ವಾರ ಏನೂ ಬರೆಯಲಿಲ್ಲ. ನಮ್ಮತ್ತೆ ಏನಾದರೊಂದು ನೆಪ ಮಾಡಿ ದಿನಾ ಅವರ ಮನೆಗೆ ಸಾರು, ಪಲ್ಯ ಕಳಿಸುತ್ತಿದ್ದರು. ನಾಲ್ಕನೇ ವಾರ ಕಂಡಕ್ಟರು ಬಸ್ಸನ್ನು ಸ್ಟ್ಯಾಂಡಿನಲ್ಲೇ ಬಿಟ್ಟು, ನಡೆದು ಬಂದು ಒಂದು ಕವರು ಕೊಟ್ಟರು. ಒಳಗೆ ಹೊಸ ಕಾರ್ಡು. ಅಕ್ಕನ ಹೆಸರಿನದು.

ಅಂದಿನಿಂದ ಯಜಮಾನರದು ಒಂದು ಹೊಸ ಅಭ್ಯಾಸ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಎಡಗೈಯಲ್ಲಿ ಹಿಡಿದು, ಮೂಡಿಗೆರೆ ಸುದ್ದಿಯ ಮೇಲಿರುವ ಹೆಂಡತಿಯ ಹೆಸರನ್ನು ಗಟ್ಟಿಯಾಗಿ ಓದುವರು. ನಾಲಿಗೆ ಹೊರಳುತ್ತಿರಲಿಲ್ಲ. ನಾಲ್ಕೇ ಅಕ್ಷರದ ಹೆಸರು, ಅರ್ಧ ನಿಮಿಷ ಹಿಡಿಯುತ್ತಿತ್ತು. ಒಲೆಯ ಮುಂದೆ ನಿಂತ ನನಗೆ ಕಾಂಪೌಂಡಿನಾಚೆಯಿಂದ ಸ್ಪಷ್ಟವಾಗಿ ಕೇಳುವುದು. ನನ್ನ ಹೆಸರನ್ನೇ ಯಾರೋ ಕರೆದ ಹಾಗೆ ಹೆಮ್ಮೆ... ಯಾಕೋ ಗೊತ್ತಿಲ್ಲ.

ಇಲ್ಲಿ ಆ ಹೆಸರು ನಾನು ಬರೆದಿಲ್ಲ. ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ಬರೆಯಲು ಕೈಯೂ ಬರುವುದಿಲ್ಲ.

ಯಜಮಾನರು ಹೋಗಿ ಬಹಳ ವರ್ಷವಾಯಿತು. ಅಕ್ಕ ಕಳೆದ ವರ್ಷ ತೀರಿಕೊಂಡರು, ಕೊನೆಯ ತಿಂಗಳವರೆಗೂ ಬರೆಯುತ್ತಲೇ. ಈಗ ಕಾಂಪೌಂಡಿನ ಆಚೆ ಬೇರೆ ಯಾರೋ ಇದ್ದಾರೆ. ಒಳ್ಳೆಯ ಜನ. ಆದರೆ ಬೆಳಿಗ್ಗೆ ಆ ಹೊತ್ತಿಗೆ ಆ ಕಡೆಯ ಮೌನಕ್ಕೆ ನಾನಿನ್ನೂ ಒಗ್ಗಿಲ್ಲ.

ಹೋದ ತಿಂಗಳು ಬಾಳೂರಿಗೆ ಮದುವೆಗೆ ಹೋಗುವಾಗ ಕಾರು ಆ ಸೇತುವೆಯ ಮೇಲೆ ನಿಧಾನವೂ ಆಗದೆ ದಾಟಿಬಿಟ್ಟಿತು. ನಿಲ್ಲಿಸಲು ಹೇಳಿ ಇಳಿದು, ಹಿಂದಕ್ಕೆ ನಡೆದು ಹೋದೆ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ನಡೆದೆ. ಯೂನಿಫಾರ್ಮಿನ ನಾಲ್ಕು ಹುಡುಗಿಯರು ಕೈ ಕೈ ಹಿಡಿದು ಓಡುತ್ತ ನನ್ನ ಪಕ್ಕದಲ್ಲೇ ಹಾದುಹೋದರು. ಕೆಳಗೆ ನೀರಿದೆ ಎಂಬ ನೆನಪೂ ಅವರಿಗಿರಲಿಲ್ಲ.

ಗಟ್ಟಿಯಾಗಿದೆ ಅಕ್ಕ... ಎಂದು ಹೇಳಬೇಕೆನಿಸಿತು. ಕೇಳಲು ಅಕ್ಕ ಇರಲಿಲ್ಲ.