ಜೇನಿನಲ್ಲಿದ್ದ ಬೆಲ್ಲ

ಶಾಂತಾ, ನಿನ್ನ ಗಂಡ ಮಲ್ಲಪ್ಪ ಜೇನುತುಪ್ಪಕ್ಕೆ ಬೆಲ್ಲ ಬೆರೆಸಿರಲಿಲ್ಲ. ಅದು ನಿನ್ನ ಅಣ್ಣನಾದ ನನಗೆ ಗೊತ್ತಿತ್ತು — ಇಷ್ಟು ವರ್ಷವೂ ಗೊತ್ತಿತ್ತು.

ಆ ದಿನ ಪಾಲಬಾವಿಯ ನಿಮ್ಮ ಹೊಲಕ್ಕೆ ಜೇನು ಸಾಕುವುದನ್ನು ಕಲಿಯಲು ಬಂದೆನೆಂದು ಹೇಳಿಕೊಂಡಿದ್ದೆ. ಒಳಗೆ ಬೇರೆಯೇ ಲೆಕ್ಕ. ಬದುವಿನ ಮೇಲೆ ನಾಲ್ಕು ಪೆಟ್ಟಿಗೆ ಇಟ್ಟರೆ ಹುಳಗಳು ತಾವಾಗಿ ಅಷ್ಟು ತುಪ್ಪ ಕೊಡುತ್ತವೆಯೇ? ಬರಿಗೈಯಿಂದ ಮೇಲೆ ಬಂದು, ಆ ವರ್ಷವಷ್ಟೇ ನಿಮ್ಮ ಹೊಲದ ಹಳ್ಳದ ಆಚೆ ಸ್ವಂತ ಬೆಲ್ಲದ ಗಾಣ ಹಾಕಿದವನು ನಾನು. ಮೊದಲು ಸಂಶಯಪಡು, ಆಮೇಲೆ ದರ ಮಾತಾಡು ಎಂದು ಊರಿಗೆಲ್ಲ ಬುದ್ಧಿ ಹೇಳುವವನು. ಪೆಟ್ಟಿಗೆಯ ಕಾಲುಗಳಿಗೆ ಇರುವೆ ಹತ್ತದಿರಲೆಂದು ಮಲ್ಲಪ್ಪ ನೀರಿನ ಬಟ್ಟಲು ಇಟ್ಟಿದ್ದ. ಅವನು ಅತ್ತ ತಿರುಗಿದಾಗ ಆ ನೀರಿಗೆ ಬೆರಳದ್ದಿ ನೆಕ್ಕಿದೆ — ಸಕ್ಕರೆ ಇರಬಹುದೆಂದು. ಬರೀ ನೀರು. ಆದರೂ...

ಅವನು ಸಗಣಿ ಕುಳ್ಳಿನ ಹೊಗೆ ಊದಿ, ಹುಳ ತುಂಬಿದ ಚೌಕಟ್ಟನ್ನು ಕೂಸಿನಂತೆ ಮೇಲಕ್ಕೆತ್ತಿದ.

"ಕೈ ಬೀಸಬ್ಯಾಡ್ರಿ ಮಾವಾ. ನೀವು ಅಂಜಿದ್ರ ಅವೂ ಅಂಜತಾವ."

"ಕಡದ್ರ ಏನ ಔಷಧಾನೋ?"

"ಓಡೂದರಿ!"

ನೀನು ಎಷ್ಟು ನಕ್ಕಿದ್ದೆ. ನೀವಿಬ್ಬರೂ ಹಾಗೆ ಸೇರಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಷ್ಟರಲ್ಲಿ ತುಪ್ಪ ಒಯ್ಯಲು ರಾಯಬಾಗದ ಅಂಗಡಿಯ ಶೇಠ ಬಂದ. ಅವನೆದುರು ನೀನು ನನ್ನ ಅಂಗೈಗೆ ತುಪ್ಪ ಸುರಿದೆ. "ನಮ್ಮಣ್ಣನ ನಾಲಿಗಿ ಸುಳ್ಳ ಹೇಳೂದಿಲ್ರಿ ಶೇಠರ."

ನೆಕ್ಕಿದೆ. ಹೂವಿನ ರುಚಿಯ ಹಿಂದೆ ಕಬ್ಬಿನ ಹಾಲಿನ ರುಚಿ — ನನಗೆ ಅದು ತಪ್ಪುವುದುಂಟೇ?

"ಇದರಾಗ ಬೆಲ್ಲ ಐತಿ," ಎಂದೆ.

ಶೇಠ ಡಬ್ಬಿಯ ಮುಚ್ಚಳ ಹಾಕಿ ಹಿಂದಕ್ಕೆ ಸರಿಸಿದ. ನೀನು ಗಂಡನ ಕಡೆ ತಿರುಗಿದೆ: "ಖರೇ ಹೇಳ್ರಿ, ನೀವ ಏನರ ಕಲಸೀರೇನು?"

ಮಲ್ಲಪ್ಪ ನಿನ್ನನ್ನೇ ನೋಡುತ್ತ ನಿಂತ.

ಮುಂದಿನ ವಾರ ನನ್ನ ಗಾಣದಲ್ಲಿ, ತೆರೆದಿಟ್ಟ ಕಬ್ಬಿನ ಹಾಲಿನ ತೊಟ್ಟಿಗೆ ಜೇನುಹುಳಗಳು ಮುತ್ತಿದ್ದವು. ಬಿದ್ದು ಸತ್ತವನ್ನು ಆಳುಗಳು ಜರಡಿಯಿಂದ ಎತ್ತಿ ಚೆಲ್ಲುತ್ತಿದ್ದರು. ಉಳಿದವು ಹೊಟ್ಟೆ ತುಂಬಿಕೊಂಡು, ಹಳ್ಳ ದಾಟಿ, ನೇರ ನಿಮ್ಮ ಹೊಲದತ್ತ ಹಾರಿದವು. ನಿಮ್ಮ ಜೇನಿನಲ್ಲಿ ಬೆಲ್ಲ ಇದ್ದದ್ದು ನಿಜ, ಶಾಂತಾ — ನನ್ನ ಗಾಣದ್ದು.

ಆ ಕ್ಷಣವೇ ಓಡಿ ಬರಬೇಕಿತ್ತು. ಬಂದಿದ್ದರೆ, ನನ್ನ ತೊಟ್ಟಿಯಲ್ಲಿ ಹುಳ ಬಿದ್ದು ಸಾಯುತ್ತವೆಂದು ನನ್ನ ಗಿರಾಕಿಗಳಿಗೂ ತಿಳಿಯುತ್ತಿತ್ತು. ತೊಟ್ಟಿಗೆ ಬಲೆ ಹೊದಿಸಿ ಸುಮ್ಮನಾದೆ.

ಮಲ್ಲಪ್ಪ ಜೇನುಹುಳಗಳನ್ನೆಲ್ಲ ಪೆಟ್ಟಿಗೆ ಸಮೇತ ಅಥಣಿ ಕಡೆಯವರಿಗೆ ಕೊಟ್ಟುಬಿಟ್ಟ. ಒಂದು ಖಾಲಿ ಪೆಟ್ಟಿಗೆ ಉಳಿದಿದೆ. ಅದರಲ್ಲಿ ನಿಮ್ಮ ಕೋಳಿ ಮೊಟ್ಟೆ ಇಡುತ್ತದೆ. ಹೋದ ಪಂಚಮಿ ಹಬ್ಬಕ್ಕೆ ನಿನ್ನನ್ನು ತವರಿಗೆ ಕರೆಯಲು ಬಂದಾಗ, ಅವನು ಸಂತೆಯಿಂದ ತಂದ ಶೇಂಗಾ ಎಣ್ಣೆಯನ್ನು ನೀನು ಮೂಸಿ ನೋಡಿದೆ. ಸಾಲದೆಂದು ನನ್ನ ಮುಂದೆ ಹಿಡಿದೆ: "ಅಣ್ಣಾ, ನೀ ಒಮ್ಮಿ ನೋಡು."

ಅವನು ಉಣ್ಣುವುದನ್ನು ಬಿಟ್ಟು ಎದ್ದು ಅಂಗಳಕ್ಕೆ ಹೋದ. ನಾನು ಎಣ್ಣೆ ಮೂಸಿ, "ಚಲೋ ಐತಿ" ಎಂದೆ. ಅಷ್ಟೇ ಎಂದೆ.

ನಾಳೆ ಮೊದಲು ಶೇಠನ ಅಂಗಡಿಗೆ ಹೋಗಿ, ಗಿರಾಕಿಗಳು ಕೇಳುವಂತೆ ಇದನ್ನೆಲ್ಲ ಹೇಳುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ. ಮಲ್ಲಪ್ಪನನ್ನು ಕೂರಿಸಿಕೊಂಡಿರು, ನಿನ್ನೆದುರೇ, ಅವನ ಮುಖ ನೋಡಿ ಹೇಳಬೇಕು. ನನಗೆ ಚಹಾ ಇಡಬೇಡ. ಅವನು ಎದ್ದು ಅಂಗಳಕ್ಕೆ ಹೋದರೆ — ಈ ಸಲ ನೀನು ಅವನ ಹಿಂದೆ ಹೋಗು.